ಹೋಗೋಕೆ ಮೂರೂಕಾಲು, ಬರೋಕೆ ಏಳೂಕಾಲು?

ಪ್ರಶ್ನೆ: ನನ್ನ ಮಗ ಕೀನ್ಯಾದ ನೈರೋಬಿಯಲ್ಲಿದ್ದಾನೆ. ಮುಂದಿನ ತಿಂಗಳು ಕಂಪನಿ ಕೆಲಸಕ್ಕೆ ನೈಜೀರಿಯಾದ ಲಾಗೋಸ್‌ಗೆ ಹೋಗಬೇಕಂತೆ. ಟಿಕೆಟ್ ವಾಟ್ಸಾಪ್ ಮಾಡಿದ್ದಾನೆ. ಬೆಳಿಗ್ಗೆ 9ಕ್ಕೆ ಹೊರಟು ಮಧ್ಯಾಹ್ನ 12.15ಕ್ಕೆ ಇಳಿಯುತ್ತಾನೆ. ವಾಪಸ್ ಬರುವಾಗ ಮಧ್ಯಾಹ್ನ 1.30ಕ್ಕೆ ಹೊರಟು ರಾತ್ರಿ 8.45ಕ್ಕೆ. ಹೋಗೋಕೆ ಮೂರೂಕಾಲು ಗಂಟೆ, ಬರೋಕೆ ಏಳೂಕಾಲು. ಮ್ಯಾಪಿನಲ್ಲಿ ನೋಡಿದರೆ ಗೇಣುದ್ದವೂ ಇಲ್ಲ. ಬರುವಾಗ ನಡುವೆ ಎಲ್ಲಾದರೂ ಇಳಿಸ್ತಾರಾ?
– ಒಬ್ಬ ತಾಯಿ, ಕೋಥ್ರೂಡ್, ಪುಣೆ

ಉತ್ತರ: ಎಲ್ಲೂ ಇಳಿಸಲ್ಲ, ತಾಯಿ. ಹೋಗುವಾಗಲೂ ಐದೂಕಾಲು ಗಂಟೆ, ಬರುವಾಗಲೂ ಅಷ್ಟೇ. ಟಿಕೆಟಿನಲ್ಲಿ ಆಯಾ ಊರಿನ ಟೈಮನ್ನೇ ಹಾಕುತ್ತಾರೆ. ಲಾಗೋಸ್ ಗಡಿಯಾರ ನೈರೋಬಿಗಿಂತ ಎರಡು ಗಂಟೆ ಹಿಂದೆ. ಹೋಗುವಾಗ ಆ ಎರಡು ಗಂಟೆ ಕಳೆಯುತ್ತೆ, ಬರುವಾಗ ಸೇರುತ್ತೆ.

ಮುಂಬೈ ಫೋರ್ಟ್‌ನಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂತಿದ್ದಾಗ ನಾನು ಗಿರಾಕಿಗಳ ಮನೆಯವರಿಗೆ ಟಿಕೆಟ್ ಕವರಿನ ಹಿಂದೆ ಪೆನ್ಸಿಲಿನಲ್ಲಿ ನಮ್ಮ ಟೈಮ್ ಬರೆದು ಕೊಡುತ್ತಿದ್ದೆ. ನಿಮಗೂ ಬರೆದುಕೊಡ್ತೀನಿ, ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಳ್ಳಿ. ಹೋಗುವ ದಿನ ನಮ್ಮ 11.30ಕ್ಕೆ ಹೊರಡುತ್ತಾನೆ, ಸಂಜೆ 4.45ಕ್ಕೆ ಇಳಿಯುತ್ತಾನೆ. ಬರುವ ದಿನ ಸಂಜೆ 6ಕ್ಕೆ ಹೊರಟು ರಾತ್ರಿ 11.15ಕ್ಕೆ ನೈರೋಬಿ. ಇಳಿದ ಕೂಡಲೇ ಫೋನ್ ಬರಲಿಲ್ಲ ಅಂತ ಗಾಬರಿಯಾಗಬೇಡಿ. ಇಮಿಗ್ರೇಷನ್, ಲಗೇಜು ಅಂತ ಒಂದು ಗಂಟೆ ಸುಮ್ನೆ ಹೋಗುತ್ತೆ.

ಇನ್ನು ಆ ಗೇಣುದ್ದದ ವಿಷಯ. ನೇರವಾಗಿ ಹಾರಿದರೂ ನೈರೋಬಿಯಿಂದ ಲಾಗೋಸ್‌ಗೆ ಸುಮಾರು 3,800 ಕಿ.ಮೀ. ಮುಂಬೈ–ಬೆಂಗಳೂರು ದೂರದ ನಾಲ್ಕೂವರೆ ಪಟ್ಟು! ಮುಂಬೈಯಿಂದ ನೈರೋಬಿಗೇ 4,500 ಕಿ.ಮೀ., ಅಂದರೆ ಈ ಪ್ರಯಾಣ ನಿಮ್ಮ ಮಗ ಸಮುದ್ರ ದಾಟಿ ಹೋದದ್ದಕ್ಕಿಂತ ಸ್ವಲ್ಪವೇ ಕಡಿಮೆ. ಗೋಡೆ ಮ್ಯಾಪಿನ ತಂಟೆ ಇದು. ಸಾಮಾನ್ಯವಾಗಿ ಸಿಗುವ ಮರ್ಕೇಟರ್ ಮ್ಯಾಪಿನಲ್ಲಿ ಧ್ರುವದ ಕಡೆಯ ದೇಶಗಳು ಊದಿಕೊಳ್ಳುತ್ತವೆ, ಭೂಮಧ್ಯರೇಖೆಯ ಹತ್ತಿರದವು ಕುಗ್ಗಿದಂತೆ ಕಾಣುತ್ತವೆ. ಗ್ರೀನ್‌ಲ್ಯಾಂಡು ಆಫ್ರಿಕಾದಷ್ಟೇ ದೊಡ್ಡದು ಅನಿಸುತ್ತೆ ಅಲ್ವಾ? ನಿಜಕ್ಕೂ ಆಫ್ರಿಕಾ ಅದರ 14 ಪಟ್ಟು ಇದೆ. ನಮ್ಮ ದೇಶದಂಥವು ಒಂಬತ್ತು ಹಿಡಿಸುತ್ತವೆ.

ವಿಮಾನ ಮೇಲೇರಿದ ಮೇಲೆ ಗಂಟೆಗೆ 850 ಕಿ.ಮೀ. ಓಡಿದರೂ ಬರೀ ಹಾರಾಟಕ್ಕೇ ನಾಲ್ಕೂವರೆ ಗಂಟೆ ಬೇಕು. ಏರುವಾಗ, ಇಳಿಯುವಾಗ ವೇಗ ಕಡಿಮೆ, ರನ್‌ವೇ ಕಡೆಗೆ ಓಡಾಟ ಬೇರೆ. ಐದೂಕಾಲಕ್ಕೆ ಮುಗಿಯುತ್ತೆ ಅಂದರೇ ನಡುವೆ ನಿಲ್ಲೋಕೆ ಪುರುಸೊತ್ತಿಲ್ಲ ಅಂತ ಅರ್ಥ. ಇಥಿಯೋಪಿಯಾದ ಅಡಿಸ್ ಅಬಾಬಾ ಮೇಲೆ ಹಾದು ಹೋಗುವ ಟಿಕೆಟ್ ಆಗಿದ್ದರೆ ಕತೆ ಬೇರೆ. ಮೊದಲು ಉತ್ತರಕ್ಕೆ 1,160 ಕಿ.ಮೀ., ಆಮೇಲೆ ಪಶ್ಚಿಮಕ್ಕೆ 3,900. ಒಮ್ಮೊಮ್ಮೆ ಅದು ಅಗ್ಗಕ್ಕೆ ಸಿಗುತ್ತೆ, ಆದರೆ ದಿನವೇ ಹೋಗುತ್ತೆ.

ನೀವು ಕೇಳಿಲ್ಲ, ಆದರೂ ಹೇಳಿಬಿಡ್ತೀನಿ. ಹಳದಿ ಜ್ವರದ ಲಸಿಕೆಯ ಕಾರ್ಡು ಅವನ ಹತ್ತಿರ ಇದೆಯಾ ಕೇಳಿ. ಕೀನ್ಯಾ, ನೈಜೀರಿಯಾ ಎರಡೂ ಹಳದಿ ಜ್ವರದ ದೇಶಗಳು ಅಂತ ನಮ್ಮ ಸರ್ಕಾರ ಮಾಡಿರುವ ಪಟ್ಟಿಯಲ್ಲಿವೆ. ಅದಿಲ್ಲದೆ ಅಲ್ಲಿಂದ ನೇರವಾಗಿ ಮುಂಬೈಗೆ ಬಂದಿಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಟ್ಟುಕೊಳ್ಳಬಹುದು. ಸೂಜಿ ಚುಚ್ಚಿಸಿ ಹತ್ತು ದಿನ ಆದ ಮೇಲಷ್ಟೇ ಕಾರ್ಡು ನಡೆಯುತ್ತೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡರೆ ಸಾಲದು, ಅಸಲು ಕಾರ್ಡನ್ನೇ ಪಾಸ್‌ಪೋರ್ಟ್ ಜೊತೆ ಇಡಲು ಹೇಳಿ.