‘ಪ್ರಯೋಜನವಿಲ್ಲದ್ದು’ ಎಂಬ ಹೆಸರಿನ ಸೊಳ್ಳೆ

ಶಿರಸಿಯ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಸೊಳ್ಳೆಯನ್ನು ನೊಣದ ಬಳಗಕ್ಕೆ ಸೇರಿಸಿದ್ದೀರಿ. ಸೊಳ್ಳೆ ಎಲ್ಲಿ, ನೊಣ ಎಲ್ಲಿ? ಕಚ್ಚುವುದನ್ನು ಹೊಡೆದು ಸಾಯಿಸುವುದು ಬಿಟ್ಟು, ಅದರ ಮೀಸೆ ಅಳೆದು ಹೆಸರಿಡುವುದರಿಂದ ಯಾರಿಗೆ ಪ್ರಯೋಜನ?”

ಸಂಪಾದಕರ ಉತ್ತರ: ಮೇಷ್ಟ್ರೇ, ಮೊದಲನೆಯದಕ್ಕೆ ಉತ್ತರ ಚಿಕ್ಕದು. ಜೇನಿಗೆ, ಚಿಟ್ಟೆಗೆ ನಾಲ್ಕು ರೆಕ್ಕೆ. ನೊಣಕ್ಕೂ ಸೊಳ್ಳೆಗೂ ಎರಡೇ. ಹಿಂದಿನ ಜೋಡಿಯ ಜಾಗದಲ್ಲಿ ಗುಂಡುಸೂಜಿಯಂಥ ಎರಡು ಸಣ್ಣ ಕಡ್ಡಿಗಳಿರುತ್ತವೆ, ಹಾರುವಾಗ ಸಮತೋಲ ಕಾಯುವುದಕ್ಕೆ. ಎರಡು ರೆಕ್ಕೆಯ ಹುಳುಗಳಿಗೆ ಚುಚ್ಚುವ ಮುಳ್ಳು ಹಿಂದೆ ಇರುವುದಿಲ್ಲ ಎಂದು ಅರಿಸ್ಟಾಟಲನೇ ಗಮನಿಸಿದ್ದ. ಈ ಎರಡು ರೆಕ್ಕೆಯನ್ನೇ ಗುರುತಾಗಿಟ್ಟುಕೊಂಡು, ಜೀವಿಗಳನ್ನು ವಿಂಗಡಿಸಿ ಹೆಸರಿಟ್ಟ ಸ್ವೀಡನ್ನಿನ ಲಿನೇಯಸ್ ಇವೆಲ್ಲವನ್ನೂ ‘ಡಿಪ್ಟೆರ’ ಎಂಬ ಒಂದೇ ಗಣಕ್ಕೆ ಸೇರಿಸಿದ. 1758ರ ಅವನ ಗ್ರಂಥದಲ್ಲಿ ಸೊಳ್ಳೆಗಳಿಗೆಂದು ಇದ್ದದ್ದು ‘ಕ್ಯೂಲೆಕ್ಸ್’ ಎಂಬ ಒಂದೇ ಕುಲ.

ನಿಮ್ಮ ಎರಡನೆಯ ಪ್ರಶ್ನೆ ನನ್ನನ್ನು ಎರಡು ದಿನ ಕಾಡಿತು. ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ಮೈಗೆನ್ ಕೂಡ ನಿಮ್ಮಂತೆ ಪಾಠ ಹೇಳಿ ಬದುಕಿದವರು. ಸ್ಟೋಲ್‌ಬರ್ಗ್ ಎಂಬ ಊರಿನಲ್ಲಿ ಫ್ರೆಂಚ್ ಕಲಿಸುತ್ತ, ಬಡತನದಲ್ಲಿಯೇ ಯುರೋಪಿನ ನೊಣ, ಸೊಳ್ಳೆಗಳನ್ನು ಒಂದೊಂದಾಗಿ ನೋಡಿ ವಿಂಗಡಿಸಿದರು. ರೆಕ್ಕೆಯ ನರಗಳ ಹೆಣಿಗೆ, ಮೀಸೆಯ ಗಂಟುಗಳು, ಇವೇ ಅವರ ಅಳತೆಗೋಲು. ಕೆಲವು ಸೊಳ್ಳೆಗಳಲ್ಲಿ ಹೆಣ್ಣಿಗೂ ಸೊಂಡಿಲಿನ ಪಕ್ಕದ ಸ್ಪರ್ಶಾಂಗಗಳು ಸೊಂಡಿಲಿನಷ್ಟೇ ಉದ್ದವಿದ್ದವು. ಕ್ಯೂಲೆಕ್ಸ್ ಹೆಣ್ಣಿಗೆ ಅವು ಮೋಟು. ಅಷ್ಟೇ ವ್ಯತ್ಯಾಸ. ಅದಕ್ಕಾಗಿ 1818ರಲ್ಲಿ ಅವನ್ನು ಬೇರೆ ಕುಲವಾಗಿಸಿ ‘ಅನಾಫಿಲಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ, ಪ್ರಯೋಜನವಿಲ್ಲದ್ದು.

ಇನ್ನು ಬ್ರಿಟಿಷ್ ಸೇನೆಯ ವೈದ್ಯ ರೊನಾಲ್ಡ್ ರಾಸ್ ಅವರ ಕಥೆ. 1883ರಲ್ಲಿ ನಮ್ಮ ಬೆಂಗಳೂರಿನ ಬಂಗಲೆಯಲ್ಲಿ, ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಗಳನ್ನು ಕಂಡು, ನೀರು ಚೆಲ್ಲಿಸಿ ಕಾಟ ತಗ್ಗಿಸಿದವರು ಅವರೇ. ಮುಂದೆ ಮಲೇರಿಯಾವನ್ನು ಸೊಳ್ಳೆಯೇ ಹರಡುತ್ತದೆಯೇ ಎಂಬುದರ ಬೆನ್ನು ಹತ್ತಿ, 1895ರಿಂದ ಸುಮಾರು ಎರಡು ವರ್ಷ ಸೂಕ್ಷ್ಮದರ್ಶಕದ ಕೆಳಗೆ ಸೊಳ್ಳೆ ಸೀಳಿ ನೋಡಿದರು. ಏನೂ ಸಿಗಲಿಲ್ಲ, ಏಕೆಂದರೆ ಅವರು ಹೆಚ್ಚಾಗಿ ಸೀಳುತ್ತಿದ್ದದ್ದು ಬೂದು ಬಣ್ಣದ, ಪಟ್ಟೆಯ ಸೊಳ್ಳೆಗಳನ್ನು. ಮನುಷ್ಯರ ಮಲೇರಿಯಾವನ್ನು ಹೊರುವ ಕುಲವೇ ಅವಲ್ಲ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತ ಕುಡಿದಿದ್ದ ಬೇರೊಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ಕಣಗಳಿದ್ದ ದುಂಡು ಕೋಶಗಳು ಕಂಡವು. ಅವೇ ಮಲೇರಿಯಾದ ರೋಗಾಣುಗಳು. ಆ ಸೊಳ್ಳೆಯ ಹೆಸರು ಅವರಿಗೆ ತಿಳಿದಿರಲಿಲ್ಲ. ‘ಚುಕ್ಕೆ ರೆಕ್ಕೆಯದು’ ಎಂದು ಕರೆದರು. ಅದು ಮೈಗೆನ್ನರ ಅನಾಫಿಲಿಸ್. ಹೆಸರೂ ಲಕ್ಷಣವೂ 79 ವರ್ಷಗಳ ಹಿಂದೆಯೇ ಅಚ್ಚಾಗಿದ್ದವು, ಮೇಷ್ಟ್ರೇ! ಆ ಎರಡು ವರ್ಷಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇದಾದ ಬಳಿಕ ಲಂಡನ್ನಿನ ವಸ್ತುಸಂಗ್ರಹಾಲಯ ಲೋಕದ ಮೂಲೆಮೂಲೆಯಿಂದ ಸೊಳ್ಳೆ ತರಿಸಿಕೊಂಡಿತು. ಕೀಟತಜ್ಞ ಥಿಯೋಬಾಲ್ಡ್ ಅವರು ರೆಕ್ಕೆಯ ಹುರುಪೆಗಳನ್ನು ನೋಡಿ ವಿಂಗಡಿಸಿ, 1901ರಿಂದ 1910ರವರೆಗೆ ಐದು ಸಂಪುಟ ಹೊರತಂದರು.

ಅಳತೆಗೋಲಿಲ್ಲದೆ ನೀವೂ ಗುರುತಿಸಬಹುದು. ಗೋಡೆಯ ಮೇಲೆ ಕೂತ ಅನಾಫಿಲಿಸ್ ತಲೆ ತಗ್ಗಿಸಿ ಬಾಲ ಎತ್ತಿರುತ್ತದೆ. ಕ್ಯೂಲೆಕ್ಸ್ ಗೋಡೆಗೆ ಸಮನಾಗಿ ಕೂರುತ್ತದೆ. ಹಿತ್ತಿಲಿನ ಕಲ್ಲುಮರಿಗೆಯಲ್ಲಿ ನೀರು ನಿಂತಿದ್ದರೆ ಮರಿಗಳನ್ನು ನೋಡಿ: ತಲೆಕೆಳಗಾಗಿ ನೇತಾಡುತ್ತಿದ್ದರೆ ಕ್ಯೂಲೆಕ್ಸ್ ಅಥವಾ ಡೆಂಗಿ ಹರಡುವ ಈಡಿಸ್, ನೀರಿನ ಮೇಲ್ಮೈಗೆ ಅಂಟಿ ಉದ್ದಕ್ಕೆ ಮಲಗಿದ್ದರೆ ಅನಾಫಿಲಿಸ್. ಯಾವುದೆಂದು ಬರೆದು ತಿಳಿಸಿ. ನೀರನ್ನು ಮಾತ್ರ ಅಂದೇ ಚೆಲ್ಲಿಬಿಡಿ.