ಹಿಮ ಬೀಳುವ ಕಡೆ ಅಣೆಕಟ್ಟು: ಗ್ರೇಡ್ ಏರಿಸಿದರೆ ಸಾಕಾ?

ಹಿಮಾಲಯದ ಕಡೆ ಅಣೆಕಟ್ಟಿನ ಕಾಂಕ್ರೀಟು ಚಳಿಗೆ ಸಿಪ್ಪೆ ಏಳದಿರಲು ಎಂ25 ಬದಲು ಎಂ40 (ಇನ್ನೂ ಹೆಚ್ಚು ಬಲದ ಕಾಂಕ್ರೀಟ್ ಗ್ರೇಡ್) ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಅಷ್ಟರಿಂದಲೇ ಆಗುವುದಿಲ್ಲ. ಅದಕ್ಕೆ ಬೇಕಾದ್ದು ಕಾಂಕ್ರೀಟಿನೊಳಗೆ ಸಣ್ಣ ಗುಳ್ಳೆಗಳಾಗಿ ಗಾಳಿ.

ನಾನು ಮಂಡ್ಯದವನು. ಕನ್ನಂಬಾಡಿ ಕಟ್ಟೆ ನೋಡುತ್ತಾ ಬೆಳೆದೆ. ಕಲ್ಲು, ಸುರ್ಕಿ (ಸುಟ್ಟ ಇಟ್ಟಿಗೆ ಪುಡಿ, ಸುಣ್ಣ) ಗಾರೆಯ ಆ ಕಟ್ಟೆಗೆ ಈ ಕಾಟವೇ ಇಲ್ಲ. ನಮ್ಮ ಮಾಗಿ ಚಳಿಗೆ ನೀರೆಲ್ಲಿ ಹೆಪ್ಪುಗಟ್ಟುತ್ತದೆ? ಹಿಮಾಚಲದ ಸೈಟಿಗೆ ಹೋದಾಗಲೇ ನಾನಿದನ್ನು ಕಲಿತದ್ದು.

ನೀರು ಮಂಜುಗಡ್ಡೆಯಾದಾಗ ಸುಮಾರು 9% ಹಿಗ್ಗುತ್ತದೆ. ಕಾಂಕ್ರೀಟಿನ ಸಣ್ಣ ರಂಧ್ರಗಳಲ್ಲಿ ನೀರು ತುಂಬಿದ್ದರೆ ಆ ಒತ್ತಡಕ್ಕೆ ಹೋಗಲು ಜಾಗವಿಲ್ಲ, ಒಳಗಿಂದಲೇ ಸೀಳುತ್ತದೆ. ಏರ್ ಎಂಟ್ರೈನಿಂಗ್ ಅಡ್ಮಿಕ್ಸ್ಚರ್ (ಗಾಳಿ ಗುಳ್ಳೆ ಹುಟ್ಟಿಸುವ ರಾಸಾಯನಿಕ) ಹಾಕಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಹುಟ್ಟಿ ಆ ಜಾಗ ಕೊಡುತ್ತವೆ. ಗಾಳಿ ಎಷ್ಟಿದೆ ಅನ್ನುವಷ್ಟೇ ಗುಳ್ಳೆಗಳು ಎಷ್ಟು ಹತ್ತಿರ ಇವೆ ಅನ್ನುವುದೂ ಮುಖ್ಯ. ಅಂತರ ಸುಮಾರು 0.2 ಮಿ.ಮೀ. ಒಳಗಿರಬೇಕು. ಕಠಿಣ ಚಳಿಗೆ 20 ಎಂಎಂ ಜಲ್ಲಿಯಾದರೆ 6% ಗಾಳಿ, ಅಣೆಕಟ್ಟಿನ 150 ಎಂಎಂ ಜಲ್ಲಿಗೆ 4% ಸಾಕು. ಜಲ್ಲಿ ದಪ್ಪವಾದಷ್ಟೂ ಗಾರೆಯ ಪಾಲು ಕಮ್ಮಿ, ಗುಳ್ಳೆ ಇರುವುದು ಗಾರೆಯಲ್ಲೇ ಅಲ್ವಾ.

ಇಡ್ಲಿ ಹಿಟ್ಟು ಉಕ್ಕಿ ಬಂದ ಮೇಲೆ ಸೌಟು ಹಾಕಿ ಸುಮ್ನೆ ತಿರುವುತ್ತಿದ್ದರೆ ಏನಾಗುತ್ತದೆ? ಇದೂ ಹಾಗೇ. ಒಮ್ಮೆ ಕಾಂಕ್ರೀಟು ಕಲಸುವ ಬ್ಯಾಚಿಂಗ್ ಪ್ಲಾಂಟಿನಲ್ಲಿ ಅಳೆದು, ಗಾಳಿ ಸರಿಯಿದೆ ಅಂತ ನಾನೇ ಸಹಿ ಹಾಕಿದ್ದೆ. ಕಾಂಕ್ರೀಟು ಸುರಿಯುವ ಜಾಗದಲ್ಲಿ ಅಳೆದರೆ ಹತ್ತಿರ ಹತ್ತಿರ ಅರ್ಧ ಮಾಯ! ಗಾಡಿ ತುಂಬಾ ಹೊತ್ತು ದಾರಿಯಲ್ಲಿತ್ತು. ಕಾಂಕ್ರೀಟು ಅದುರಿಸಿ ಕೂರಿಸುವ ವೈಬ್ರೇಟರನ್ನು ಹುಡುಗರು ಬೇರೆ ಎತ್ತದೇ ಹಿಡಿದಿದ್ದರು. ಸಿಮೆಂಟಿನ ಜೊತೆ ಹಾಕುವ ಫ್ಲೈ ಆ್ಯಶ್ (ಕಲ್ಲಿದ್ದಲು ಸುಟ್ಟ ಹಾರುಬೂದಿ) ಲೋಡು ಬದಲಾದದ್ದನ್ನೂ ನಾನು ಗಮನಿಸಿರಲಿಲ್ಲ. ಅದರಲ್ಲಿ ಸುಡದೇ ಉಳಿದ ಇಂಗಾಲ ಜಾಸ್ತಿಯಿದ್ದರೆ ಅಡ್ಮಿಕ್ಸ್ಚರನ್ನು ಹೀರಿಬಿಡುತ್ತದೆ. ಅಂದಿನಿಂದ ಏರ್ ಮೀಟರನ್ನು ಸುರಿಯುವ ಜಾಗಕ್ಕೇ ಒಯ್ಯುತ್ತೇನೆ.

ಪ್ರತಿ 1% ಗಾಳಿಗೆ ಬಲ ಸುಮಾರು 5% ಇಳಿಯುತ್ತದೆ. ಅದನ್ನು ನೀರು ಇಳಿಸಿ ಸರಿದೂಗಿಸಿ. ನೀರು–ಸಿಮೆಂಟ್ ಅನುಪಾತ 0.45 ದಾಟಬಾರದು. ನೀರು ಹೀರುವ ಜಲ್ಲಿ ಬೇಡ. ಹೊಸ ಕಾಂಕ್ರೀಟು ಸುಮಾರು 3.5 ಎಂಪಿಎ (ಬಲ ಅಳೆಯುವ ಮಾನ, ಮೆಗಾಪಾಸ್ಕಲ್) ಬಲ ಪಡೆಯುವ ತನಕ ಹೆಪ್ಪುಗಟ್ಟಲು ಬಿಡಬೇಡಿ, ಕಂಬಳಿ ಹೊದಿಸಿ.

ಖರ್ಚಿನ ಚಿಂತೆಯಿದ್ದರೆ, ಇಷ್ಟೆಲ್ಲ ಮುಖ್ಯವಾಗಿ ಬೇಕಾಗುವುದು ಹೊರಮೈಗೆ: ನೀರಿನ ಮಟ್ಟ ಏರಿಳಿಯುವ ಪಟ್ಟಿ, ಹೆಚ್ಚುವರಿ ನೀರು ಹರಿದುಹೋಗುವ ಸ್ಪಿಲ್‌ವೇ, ಕಟ್ಟೆಯ ನೆತ್ತಿ. ಹೊಟ್ಟೆಯೊಳಗಿನ ಕಾಂಕ್ರೀಟಿಗೆ ಆ ಚಳಿ ತಟ್ಟುವುದೇ ಇಲ್ಲ.