ಅಂಟು, ಬಣ್ಣ, ಬಿಸಿಲು: ಹೈನ್‌ರಿಶ್ ಕ್ಯೂನ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಆಸ್ಟ್ರಿಯಾದ ಛಾಯಾಗ್ರಾಹಕ ಕ್ಯೂನ್ ಅವರ ಚಿತ್ರಗಳು ಪೇಂಟಿಂಗ್‌ನಂತೆ ಕಾಣುತ್ತವೆ. ಫೋಟೊ ಮೇಲೆ ಬ್ರಷ್ ಆಡಿಸಿ ಬರೆದದ್ದೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಅಲ್ಲ. ಬಣ್ಣ ಜಲವರ್ಣದ್ದು, ಚಿತ್ರ ಮೂಡಿಸಿದ್ದು ಮಾತ್ರ ಬೆಳಕು. ಕ್ಯೂನ್ 1866ರಲ್ಲಿ ಡ್ರೆಸ್ಡೆನ್‌ನಲ್ಲಿ ಹುಟ್ಟಿ, ವೈದ್ಯಕೀಯ ಓದಿ, 1888ರಲ್ಲಿ ಇನ್ಸ್‌ಬ್ರುಕ್‌ಗೆ ಬಂದು ನೆಲೆಸಿದರು. ವಿಯೆನ್ನಾದ ಛಾಯಾಗ್ರಾಹಕರಾದ ಹ್ಯೂಗೊ ಹೆನ್ನೆಬರ್ಗ್, ಹಾನ್ಸ್ ವಾಟ್ಸೆಕ್ ಜೊತೆ ಸೇರಿ ಗಮ್ ಪ್ರಿಂಟನ್ನು (ಗೋಂದಿನಲ್ಲಿ ಬಣ್ಣ ಕಲಸಿ ಫೋಟೊ ಮುದ್ರಿಸುವುದು) ಪದರದ ಮೇಲೆ ಪದರ ಹಾಕುವ ವಿಧಾನವಾಗಿ ಬೆಳೆಸಿದರು. ಡೈಕ್ರೋಮೇಟ್ ಎಂಬ ರಾಸಾಯನಿಕ ಬೆರೆಸಿದ ಗೋಂದು ಬಿಸಿಲು ಬಿದ್ದ ಕಡೆ ಗಟ್ಟಿಯಾಗಿ ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಬೀಳದ ಕಡೆ ನೀರಿನಲ್ಲಿ ಬಿಟ್ಟುಹೋಗುತ್ತದೆ. ಅಷ್ಟೇ ತತ್ವ.

ಪ್ರಶ್ನೆ: ಮನೆಯಲ್ಲೇ ಗಮ್ ಪ್ರಿಂಟ್ ಮಾಡುತ್ತಿದ್ದೇನೆ. ನೆರಳಿನ ಭಾಗ ನಿಲ್ಲುತ್ತದೆ, ಮುಖದ ನಯವಾದ ಛಾಯೆಗಳು ತೊಳೆದುಹೋಗುತ್ತವೆ. ಮಳೆಗಾಲದಲ್ಲಂತೂ ಇಡೀ ಹಾಳೆ ಕಿತ್ತಳೆ ಬಣ್ಣ ಕಚ್ಚಿಕೊಳ್ಳುತ್ತದೆ. ಏಕೆ?
– ವಿದ್ಯಾರ್ಥಿನಿ, ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮ ಮೊದಲ ತೊಂದರೆಯೇ ಕ್ಯೂನ್ ಬಳಗದ ಮುಂದಿದ್ದ ತೊಂದರೆ. ಗೋಂದು ಮೇಲಿನಿಂದ ಕೆಳಕ್ಕೆ ಗಟ್ಟಿಯಾಗುತ್ತದೆ. ಬೆಳಕು ಕಡಿಮೆ ಬಿದ್ದಲ್ಲಿ ಮೇಲ್ಪದರ ಮಾತ್ರ ಗಟ್ಟಿಯಾಗಿ, ಅಡಿಯಲ್ಲಿ ಮೆತ್ತಗೇ ಉಳಿಯುತ್ತದೆ; ತೊಳೆದಾಗ ಬುಡಸಮೇತ ಜಾರಿಹೋಗುತ್ತದೆ. ಹಾಗಾಗಿ ಒಂದೇ ಪದರದಲ್ಲಿ ಎಲ್ಲ ಛಾಯೆಗಳನ್ನೂ ಹಿಡಿಯಲು ಹೋಗಬೇಡಿ. ಅದೇ ನೆಗೆಟಿವ್‌ನಿಂದ ಕನಿಷ್ಠ ಮೂರು ಸಲ ಮುದ್ರಿಸಿ: ನೆರಳಿಗೆ ಬಣ್ಣ ಹೆಚ್ಚು, ಬಿಸಿಲು ಕಡಿಮೆ, ತಿಳಿ ಛಾಯೆಗೆ ಬಣ್ಣ ತೀರಾ ಕಡಿಮೆ, ಬಿಸಿಲು ಹೆಚ್ಚು, ನಡುವಿನದಕ್ಕೆ ಎರಡೂ ಮಧ್ಯಮ.

ಜಲವರ್ಣದ ದಪ್ಪ ಕಾಗದವನ್ನು ಮೊದಲು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ತೊಳೆತಕ್ಕೇ ಕುಗ್ಗಿ, ಎರಡನೇ ಪದರ ಗೆರೆಗೆ ಗೆರೆ ಕೂರುವುದಿಲ್ಲ. ನಂತರ ಲೀಟರಿಗೆ 30 ಗ್ರಾಂ ಜೆಲಟಿನ್ ದ್ರಾವಣದಲ್ಲಿ ಅದ್ದಿ ಒಣಗಿಸಿ, ಲೀಟರಿಗೆ 25 ಮಿ.ಲೀ. ಫಾರ್ಮಲಿನ್ ಹಾಕಿದ ನೀರಿನಲ್ಲಿ ಗಟ್ಟಿಮಾಡಿ. ಫಾರ್ಮಲಿನ್ ಕೆಲಸ ಮನೆಯೊಳಗೆ ಬೇಡವೇ ಬೇಡ, ಹೊರಗೆ ಗಾಳಿಯಾಡುವಲ್ಲಿ ಮಾಡಿ. ಈ ಲೇಪ ಸರಿಯಿಲ್ಲದಿದ್ದರೆ ಬಣ್ಣ ನೇರವಾಗಿ ಕಾಗದದ ನಾರಿಗೇ ಇಳಿಯುತ್ತದೆ, ಆ ಕಲೆ ಏನು ಮಾಡಿದರೂ ಹೋಗದು.

100 ಮಿ.ಲೀ. ನೀರಿಗೆ 40 ಗ್ರಾಂ ಅರಬ್ಬಿ ಗೋಂದು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೆನೆಸಿ, ಸೋಸಿ. 6 ಮಿ.ಲೀ. ಗೋಂದಿಗೆ ಟ್ಯೂಬಿನ ಬಣ್ಣ ಸುಮಾರು 1 ಗ್ರಾಂ ಕಲಸಿ, ಕೊನೆಗೆ ಶೇ 10ರ ಪೊಟ್ಯಾಸಿಯಂ ಡೈಕ್ರೋಮೇಟ್ 6 ಮಿ.ಲೀ. ಬೆರೆಸಿ. ಒಂದು ನಿಮಿಷದೊಳಗೆ ತೆಳ್ಳಗೆ ಹಚ್ಚಿ, ಒಣ ಬ್ರಷ್‌ನಿಂದ ಸಮಮಾಡಿ. ಬಿಸಿಲಿಗೆ 2, 4, 6 ನಿಮಿಷದ ಪಟ್ಟಿಗಳನ್ನು ಮೊದಲು ಪರೀಕ್ಷಿಸಿ. ನೀರಿನಲ್ಲಿ ಮುಖ ಕೆಳಗಾಗಿ ತೇಲಿಬಿಡಿ. ಐದೇ ನಿಮಿಷದಲ್ಲಿ ಎಲ್ಲ ಬಿಟ್ಟುಕೊಂಡರೆ ಬಿಸಿಲು ಸಾಲದು. ಒಂದು ಗಂಟೆಯಾದರೂ ಬಿಡದಿದ್ದರೆ ಅತಿಯಾಗಿದೆ.

ಇನ್ನು ಕಿತ್ತಳೆ ಬಣ್ಣ. ಅದು ಡೈಕ್ರೋಮೇಟ್‌ನದೇ. ಡೈಕ್ರೋಮೇಟ್ ಹಚ್ಚಿದ ಕಾಗದ ಕತ್ತಲಲ್ಲಿಟ್ಟರೂ ತಾನಾಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಸೆಕೆ, ತೇವ ಎರಡೂ ಇದ್ದರೆ ಇನ್ನೂ ಬೇಗ. ಜುಲೈ, ಆಗಸ್ಟ್‌ನಲ್ಲಿ ರಾತ್ರಿ ಹಚ್ಚಿಟ್ಟು ಬೆಳಿಗ್ಗೆ ಬಿಸಿಲಿಗೆ ಕಾಯುವ ಅಭ್ಯಾಸ ಬಿಡಿ. ಫ್ಯಾನ್ ಗಾಳಿಯಲ್ಲಿ ಒಣಗಿಸಿ ಕೂಡಲೇ ಮುದ್ರಿಸಿ. ಉಳಿದ ಕಲೆಗೆ ಹಣ್ಣಿನ ಸ್ಕ್ವಾಷ್ ಕೆಡದಂತೆ ಹಾಕುವ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಪುಡಿಯೇ ಸಾಕು. ಎಲ್ಲ ಪದರ ಮುಗಿದು ಪೂರ್ತಿ ಒಣಗಿದ ಮೇಲೆ ಶೇ 1ರ ದ್ರಾವಣದಲ್ಲಿ 5 ನಿಮಿಷ ಇಟ್ಟು, ಚೆನ್ನಾಗಿ ತೊಳೆಯಿರಿ. ಡೈಕ್ರೋಮೇಟ್ ಕ್ಯಾನ್ಸರ್‌ಕಾರಕ. ಕೈಗವಸು ಹಾಕಿ, ಪುಡಿ ತೂಗುವಾಗ ಮಾಸ್ಕ್ ಧರಿಸಿ. ಅಡುಗೆ ಪಾತ್ರೆ ಮುಟ್ಟಬೇಡಿ, ಉಳಿದದ್ದನ್ನು ಚರಂಡಿಗೆ ಸುರಿಯದೆ ಕಾಲೇಜಿನ ರಸಾಯನ ಪ್ರಯೋಗಾಲಯಕ್ಕೆ ಕೊಡಿ.

ಪ್ರಶ್ನೆ: ಅವರ ಬಣ್ಣದ ಫೋಟೊಗಳಲ್ಲಿ ಮಕ್ಕಳ ಉಡುಪು ಅಷ್ಟು ಹೊಂದಿಕೊಂಡಿರುವುದು ಹೇಗೆ?
– ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಕ್ಯೂನ್ ತಮ್ಮ ನಾಲ್ವರು ಮಕ್ಕಳಿಗೂ ಅವರನ್ನು ನೋಡಿಕೊಳ್ಳುತ್ತಿದ್ದ ಮೇರಿ ವಾರ್ನರ್‌ಗೂ ಚಿತ್ರಕ್ಕೆ ಬೇಕಾದ ಛಾಯೆಯ ಬಟ್ಟೆಗಳನ್ನೇ ಆರಿಸಿ ತೊಡಿಸುತ್ತಿದ್ದರು. ಬಣ್ಣದ ಫೋಟೊಗೆ ಬಳಸಿದ್ದು 1907ರಲ್ಲಿ ಮಾರುಕಟ್ಟೆಗೆ ಬಂದ ಲೂಮಿಯೇರ್ ಸಹೋದರರ ಆಟೋಕ್ರೋಮ್ ಗಾಜಿನ ಫಲಕ. ಕಿತ್ತಳೆ, ಹಸಿರು, ನೇರಳೆ ಬಣ್ಣ ಹಾಕಿದ ಆಲೂಗಡ್ಡೆ ಪಿಷ್ಟದ ಕಣಗಳೇ ಅದರ ಫಿಲ್ಟರ್. ಆ ಪದರ ಹತ್ತನೇ ಒಂದು ಪಾಲಿಗಿಂತ ಕಡಿಮೆ ಬೆಳಕನ್ನು ಬಿಡುವುದರಿಂದ ಒಳ್ಳೆಯ ಬಿಸಿಲಲ್ಲೂ ಕ್ಷಣಮಾತ್ರದ ಎಕ್ಸ್‌ಪೋಷರ್ ಸಾಲದು, ಮಕ್ಕಳು ಅಲುಗದೆ ನಿಲ್ಲಲೇಬೇಕಿತ್ತು. ಫಲಕವನ್ನು ನೋಡುವುದೂ ಹಿಂದಿನಿಂದ ಬೆಳಕು ಹಾಯಿಸಿಯೇ. ಅದಕ್ಕೇ ಪುಸ್ತಕದಲ್ಲಿ ಅಚ್ಚಾದಾಗ ಆ ಬಣ್ಣಗಳು ಕಂದಿದಂತೆ ಕಾಣುತ್ತವೆ.